ನಮೀಬಿಯಾದ ಕುದುರೆಗಳೂ ಕ್ವೀನ್ಸ್‌ಬರಿಯ ನಾನೂ

ಈ ಸಲದ ಯುಗಾದಿ ಊಟಕ್ಕೆ ಕನ್ನಡದವರೆಲ್ಲ ಲಂಡನ್ನಿನ ಸಟನ್‌ನ ಒಂದು ಶಾಲೆಯ ಹಾಲ್‌ನಲ್ಲಿ ಸೇರಿದ್ದೆವು. ಹೋಳಿಗೆ ಮುಗಿಸಿ ಮೊಸರನ್ನಕ್ಕೆ ಕಾಯುತ್ತಿದ್ದಾಗ ಮೇಘನಾ ಎಂಬ ಹುಡುಗಿ ಬಂದು ನನ್ನೆದುರಿನ ಕುರ್ಚಿಯಲ್ಲಿ ಕೂತಳು. ಫೋಟೋಗ್ರಫಿ ಓದಿ ಈಗಷ್ಟೇ ಮುಗಿಸಿದ್ದಾಳೆ.

"ಆಂಟಿ, ನೀವು ಡೆಸರ್ಟ್‌ನಲ್ಲಿ ಕಾಡುಕುದುರೆಗಳನ್ನ ಶೂಟ್ ಮಾಡ್ತಿದ್ರಂತೆ. ಅಮ್ಮ ಹೇಳಿದ್ರು."

ನನ್ನ ಪಕ್ಕದಲ್ಲಿ ಕುಂದಾಪುರದ ಹಿರಿಯರೊಬ್ಬರು ಊಟ ಮಾಡುತ್ತಿದ್ದರು. ಅವರ ಕೈ ತಟ್ಟೆಯಲ್ಲೇ ನಿಂತಿತು. "ಕುದುರೆಗೆ ಗುಂಡು ಹೊಡೆಯುದಾ ಮಾರಾಯ್ರೆ?" ಎಂದು ನನ್ನನ್ನೇ ದಿಟ್ಟಿಸಿದರು. ಗುಂಡಲ್ಲ, ಫೋಟೋ ಎಂದು ಸಮಾಧಾನ ಮಾಡಬೇಕಾಯಿತು.

ಮೇಘನಾಳಿಗೆ ಬೇಕಿದ್ದದ್ದು ಒಂದೇ ಒಂದು ಸಲಹೆ. "ಬೆಳಿಗ್ಗೆ ನೀರು ಕುಡಿ, ಚಹಾ ಮಾತ್ರ ಬೇಡ," ಎಂದೆ. "ಮರಳುಗಾಡಿನಲ್ಲಿ ಮರೆಗೆ ಹೋಗೋಕೆ ಒಂದು ಗಿಡಾನೂ ಇರಲ್ಲ."

"ಆರ್ ಯೂ ಸೀರಿಯಸ್, ಆಂಟಿ?" ಎಂದು ನಕ್ಕಳು. ನಾನು ಅಷ್ಟು ಗಂಭೀರವಾಗಿ ಯಾರಿಗೂ ಏನನ್ನೂ ಹೇಳಿದವಳಲ್ಲ. ಆದರೆ ಮನೆಗೆ ಬರುವಾಗ ರೈಲಿನಲ್ಲಿ, ಪಾಪ, ಆ ಹುಡುಗಿಗೆ ಇನ್ನೂ ನಾಲ್ಕು ಮಾತು ಹೇಳಬಹುದಿತ್ತು ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ಕಸ್ತೂರಿ. ಹುಟ್ಟಿದ್ದು ವಿಜಾಪುರ. ಅದು ವಿಜಯಪುರ ಆಗುವ ಹೊತ್ತಿಗೆ ನಾನು ಲಂಡನ್ನಿನ ಕ್ವೀನ್ಸ್‌ಬರಿಯವಳಾಗಿ ಎಷ್ಟೋ ವರ್ಷ ಕಳೆದಿತ್ತು. ಯಜಮಾನರು ಶಿವಾನಂದ, ಆಸ್ಪತ್ರೆಯ ರಕ್ತ ಪರೀಕ್ಷೆಯ ಲ್ಯಾಬ್‌ನಲ್ಲಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಸಿಕ್ಕ ಕೆಲಸ ನಮ್ಮ ಬೀದಿಯ ಫೋಟೋ ಅಂಗಡಿಯಲ್ಲಿ. ಎಡಕ್ಕೆ ಮಿಠಾಯಿ ಅಂಗಡಿ, ಬಲಕ್ಕೆ ಸೀರೆ ಅಂಗಡಿ, ನಡುವೆ ನಾವು. ಪಾಸ್‌ಪೋರ್ಟ್ ಫೋಟೋ ತೆಗೆಯುವುದೇ ಮುಖ್ಯ ಉದ್ಯೋಗ.

ದೊಡ್ಡವರ ಫೋಟೋ ತೆಗೆಯುವುದು ಸುಲಭ. ನಗಬೇಡಿ ಎಂದರೆ ಸಾಕು, ಮುಖ ತಾನಾಗಿ ಸಪ್ಪಗಾಗುತ್ತದೆ. ಕಷ್ಟವೆಲ್ಲ ಹಸುಗೂಸುಗಳದ್ದು. ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ಹಿಡಿದವರ ಕೈ ಕಾಣಬಾರದು. ತಾಯಿಯ ತಲೆಯ ಮೇಲೆ ಬಿಳಿ ಚಾದರ ಹೊದಿಸಿ, ಮಡಿಲಲ್ಲಿ ಮಗು ಕೂರಿಸಿ, ನಾನು ಮಂಡಿಯೂರಿ ಕಾಯುತ್ತಿದ್ದೆ. ಒಂದು ಗುಜರಾತಿ ಕೂಸು ಮೂರು ದಿನ ಬಂದು ಮೂರು ದಿನವೂ ನಿದ್ದೆ ಹೊಡೆದು ಹೋಯಿತು. ನಾಲ್ಕನೆಯ ದಿನ ಎಚ್ಚರವಿತ್ತು. ಚಾದರದೊಳಗಿನ ತಾಯಿಗೆ ನಿದ್ದೆ ಬಂದಿತ್ತು.

ಆ ಕೂಸುಗಳಿಂದ ನಾನೊಂದು ಗುಟ್ಟು ಕಲಿತೆ. ಅಳುವ ಮೊದಲು ಮಗು ಒಂದು ಕ್ಷಣ ಉಸಿರು ಹಿಡಿಯುತ್ತದೆ. ಕಣ್ಣು ಅರಳಿರುತ್ತದೆ, ಬಾಯಿ ಬಿಗಿದಿರುತ್ತದೆ. ಆ ಕ್ಷಣವೇ ಪಾಸ್‌ಪೋರ್ಟ್. ಕುದುರೆಯೂ ಹಾಗೆಯೇ. ಓಡುವ ಮೊದಲು ಒಂದು ಕ್ಷಣ ಮೈಯೆಲ್ಲ ಬಿಗಿದು ನಿಲ್ಲುತ್ತದೆ. ಓಟದ ಚಿತ್ರ ಯಾರು ಬೇಕಾದರೂ ತೆಗೆದಾರು. ಆ ನಿಲುವು ಸಿಕ್ಕಿದರೆ ಕೈಗೆ ಬಂತು ಎಂದುಕೊಳ್ಳಿ.

ಅಲ್ಲಿಂದ ನಾನು ಹೋದದ್ದು ಲಂಡನ್ ಪೇಟೆಯ ಒಂದು ಫೋಟೋ ಏಜೆನ್ಸಿಗೆ. ಪತ್ರಿಕೆಗಳಿಗೆ, ಕ್ಯಾಲೆಂಡರ್‌ನವರಿಗೆ ಪ್ರಾಣಿಗಳ ಚಿತ್ರ ಒದಗಿಸುವ ಕಂಪನಿ. ಬಿಳಿ ಕೈಗವಸು ಹಾಕಿಕೊಂಡು, ದೀಪದ ಮೇಜಿನ ಮೇಲೆ ಫಿಲ್ಮಿನ ಸ್ಲೈಡುಗಳನ್ನಿಟ್ಟು, ಭೂತಗನ್ನಡಿಯಲ್ಲಿ ನೋಡಿ, ಸರಿಯಾದ ಡಬ್ಬಿಗೆ ಹಾಕುವುದು ನನ್ನ ಕೆಲಸ. ಹುಲಿ ಹುಲಿಯ ಡಬ್ಬಿಗೆ, ಹಂಸ ಹಂಸದ ಡಬ್ಬಿಗೆ. ಸ್ಟ್ರಾಟ್‌ಫರ್ಡ್‌ನಿಂದ ಬರುತ್ತಿದ್ದ ನನ್ನ ಜೊತೆಗಾತಿ, ಹೆಸರು ಗೊತ್ತಾಗದ ಪ್ರಾಣಿಗಳನ್ನೆಲ್ಲ ನರಿಯ ಡಬ್ಬಿಗೆ ಹಾಕುತ್ತಿದ್ದಳು. ಒಮ್ಮೆ ಅದರಲ್ಲಿ ಒಂದು ಕಾಂಗರೂ ಸಿಕ್ಕಿತು.

ಅಲ್ಲಿನ ಮೇಲಧಿಕಾರಿ ಡೊರೀನ್. ಎತ್ತರದ ಹೆಂಗಸು, ಕಿವಿಯ ಹಿಂದೆ ಕೆಂಪು ಪೆನ್ಸಿಲ್. ದೇಶದೇಶ ಸುತ್ತಿ ಬಂದ ದೊಡ್ಡ ಫೋಟೋಗ್ರಾಫರುಗಳೂ ಅವರ ಮೇಜಿನ ಮುಂದೆ ಶಾಲೆ ಮಕ್ಕಳ ಹಾಗೆ ನಿಲ್ಲುತ್ತಿದ್ದರು. ಡೊರೀನ್ ಯಾವ ಚಿತ್ರ ನೋಡಿದರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಇಲ್ಲಿ ಏನು ನಡೀತಿದೆ?" ಸೂರ್ಯಾಸ್ತ ಚೆನ್ನಾಗಿದೆ, ಬೆಳಕು ಚೆನ್ನಾಗಿದೆ ಎಂದರೆ, "ಅದು ಸೂರ್ಯನ ಕೆಲಸ. ನಿಮ್ಮದು ಯಾವುದು?" ಎಂದು ಪೆನ್ಸಿಲ್ ತೆಗೆಯುತ್ತಿದ್ದರು.

ಒಂದು ದಿನ ನನ್ನ ಮೇಜಿಗೆ ಮರಳುಗಾಡಿನ ಕುದುರೆಗಳ ಸ್ಲೈಡುಗಳು ಬಂದವು. ನಮೀಬಿಯಾ ದೇಶದಲ್ಲಿ, ಸಮುದ್ರಕ್ಕೆ ಅಷ್ಟು ದೂರವಲ್ಲದ ಬೆಂಗಾಡಿನಲ್ಲಿ, ಯಾರ ಹಂಗೂ ಇಲ್ಲದೆ ತಿರುಗುವ ಕುದುರೆಗಳಿವೆ. ಯಾವುದೋ ಕಾಲದಲ್ಲಿ ಮನುಷ್ಯರು ತಂದು ಬಿಟ್ಟು ಹೋದ ಕುದುರೆಗಳ ಸಂತಾನ ಅನ್ನುತ್ತಾರೆ. ಎರಡು ಗಂಡು ಕುದುರೆಗಳು ಮುಂಗಾಲೆತ್ತಿ ನಿಂತ ಚಿತ್ರದ ಕೆಳಗೆ, ಆಟವಾಡುತ್ತಿರುವ ಗೆಳೆಯರು ಎಂದು ಬರೆದಿತ್ತು. ನನಗೆ ತಡೆಯಲಾಗಲಿಲ್ಲ.

"ಇವು ಆಡ್ತಾ ಇಲ್ಲ, ಮೇಡಂ. ನಿಜವಾಗಿ ಬಡಿದಾಡ್ತಿವೆ," ಎಂದೆ. "ಕಿವಿ ನೋಡಿ. ಹಿಂದಕ್ಕೆ ಅಂಟಿಕೊಂಡು ಬಿಟ್ಟಿದೆ. ಆಟದಲ್ಲಿ ಕಿವಿ ಹೀಗಿರಲ್ಲ."

ಡೊರೀನ್ ಭೂತಗನ್ನಡಿ ಇಟ್ಟು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ನಿನಗೆ ಹೇಗೆ ಗೊತ್ತು?"

"ನಮ್ಮಪ್ಪನ ಹತ್ತಿರ ಕುದುರೆ ಇತ್ತು."

ಮಾತು ಸತ್ಯ. ಅಪ್ಪ ವಿಜಾಪುರದಲ್ಲಿ ಟಾಂಗಾ ಹೊಡೆಯುತ್ತಿದ್ದ. ಸ್ಟೇಷನ್ನಿನಿಂದ ಗೋಳಗುಮ್ಮಟಕ್ಕೆ, ಅಲ್ಲಿಂದ ಪೇಟೆಗೆ. ಆದರೆ ಇಂಗ್ಲೆಂಡಿನಲ್ಲಿ ಅಪ್ಪನಿಗೆ ಕುದುರೆ ಇತ್ತು ಎಂದರೆ ಅರ್ಥವೇ ಬೇರೆ. ಹತ್ತೆಕರೆ ಹುಲ್ಲುಗಾವಲು, ಲಾಯ, ಆಳುಕಾಳು, ಭಾನುವಾರದ ಸವಾರಿ. ಡೊರೀನ್ ಮುಖದಲ್ಲಿ ಅದೆಲ್ಲ ಸಾಲಾಗಿ ಹಾದುಹೋದದ್ದು ನನಗೆ ಕಾಣಿಸಿತು.

"ಸವಾರಿ ಮಾಡ್ತಿದ್ದೆಯಾ?"

"ದಿನಾ," ಎಂದೆ. ಶಾಲೆಗೆ ಟಾಂಗಾದಲ್ಲೇ ಹೋಗುತ್ತಿದ್ದೆನಲ್ಲ.

ಎರಡು ವಾರದ ನಂತರ ಆ ಕುದುರೆಗಳ ಚಿತ್ರ ತೆಗೆಯಬೇಕಿದ್ದ ಫೋಟೋಗ್ರಾಫರ್ ಮನೆಯ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡರು. ಡೊರೀನ್ ನನ್ನನ್ನು ಕರೆದು, ನೀನು ಹೋಗು, ನಿನಗೆ ಕುದುರೆ ಗೊತ್ತು, ಎಂದರು. ಟಾಂಗಾದ ವಿಷಯ ಹೇಳಲು ಬಾಯಿ ತೆರೆದೆ. ಮರುಕ್ಷಣವೇ ಮುಚ್ಚಿಕೊಂಡೆ. ನಮ್ಮ ಅಂಗಡಿಯ ಯಾವ ಕೂಸೂ ಅಷ್ಟು ಚೆನ್ನಾಗಿ ಬಾಯಿ ಮುಚ್ಚಿರಲಿಕ್ಕಿಲ್ಲ.

ಮನೆಯಲ್ಲಿ ಹೇಳಿದಾಗ ಯಜಮಾನರು ರೊಟ್ಟಿ ಮುರಿಯುವುದನ್ನು ಬಿಟ್ಟರು. "ಅಲ್ಲಾ, ಕುದುರಿ ಫೋಟೋ ತಗಿಯಾಕ ಆಫ್ರಿಕಾಕ್ಕ ಹೋಗ್ತಿಯೇನು? ಗೋಳಗುಮ್ಮಟದ ಮುಂದ ನಿಂತ್ರ ದಿನಾ ಬೇಕಾದಷ್ಟು ಕುದುರಿ ಸಿಗತಾವಲ್ಲ!"

"ಅವಕ್ಕ ಮಾಲೀಕರು ಅದಾರ್ರೀ. ಇವಕ್ಕ ಯಾರೂ ಇಲ್ಲ."

"ಹಂಗಾರ ಇವು ಛಲೋ ಅದಾವ ಬಿಡು," ಎಂದು ಮತ್ತೆ ರೊಟ್ಟಿ ಮುರಿದರು. ಅವರಿಗೆ ಆಗ ಲ್ಯಾಬ್‌ನಲ್ಲಿ ಹೊಸ ಮೇಲಧಿಕಾರಿ ಬಂದಿದ್ದ.

ಮರಳುಗಾಡು ಎಂದರೆ ನನ್ನ ತಲೆಯಲ್ಲಿ ಬರೀ ಹಳದಿ ದಿಬ್ಬಗಳಿದ್ದವು. ಅಲ್ಲಿ ಕಂಡದ್ದು ಬೂದು ಬಣ್ಣದ ಬಯಲು, ದೂರದಲ್ಲಿ ನೇರಳೆ ಗುಡ್ಡ, ನಡುವೆ ಒಂದು ಕಲ್ಲುತೊಟ್ಟಿ. ಕುದುರೆಗಳಿಗಾಗಿಯೇ ಬೋರ್‌ವೆಲ್ಲಿನಿಂದ ನೀರು ಬಿಡುತ್ತಿದ್ದ ತೊಟ್ಟಿ. ಹುಲ್ಲಿರುವ ಜಾಗ ತುಂಬ ದೂರ. ನೀರಿಗಾಗಿ ಕುದುರೆಗಳು ಅರ್ಧ ದಿನ ನಡೆದು ಬರುತ್ತಿದ್ದವು. ತೊಟ್ಟಿಯಿಂದ ಸ್ವಲ್ಪ ಆಚೆ ಮರದ ಹಲಗೆಯ ಒಂದು ಗುಡಿಸಲು. ಅದರೊಳಗೆ ನಾನು ಮತ್ತು ನಮ್ಮ ಜೀಪು ಓಡಿಸುತ್ತಿದ್ದ ಯೋಹಾನೆಸ್.

ಯೋಹಾನೆಸ್ ಆ ಕಡೆಯವನೇ. ಪ್ರತಿಯೊಂದು ಕುದುರೆಯನ್ನೂ ಬಲ್ಲ. ಮಾತು ಕಡಿಮೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅವನು ಆಡಿದ ಮಾತು ಎಂದರೆ "ಬರುತ್ತವೆ" ಎಂಬುದೊಂದೇ. ಮೂರನೆಯ ದಿನ ಬಂದವು. ಮೊದಲು ದೂಳಿನ ಗೆರೆ, ಆಮೇಲೆ ಕಾಲುಗಳು, ಆಮೇಲೆ ಕುದುರೆಗಳು. ತೊಟ್ಟಿಯ ಹತ್ತಿರವೇ ಎರಡು ಗಂಡು ಕುದುರೆಗಳು ಕಾದಾಟಕ್ಕೆ ಬಿದ್ದವು. ಕಿವಿ ಅಂಟಿದೆ, ಹಲ್ಲು ಕಿರಿದಿದೆ, ಗೊರಸಿನಿಂದ ಮರಳು ಸಿಡಿಯುತ್ತಿದೆ. ನಾನು ಕ್ಲಿಕ್ಕಿಸಿದ್ದೇ ಕ್ಲಿಕ್ಕಿಸಿದ್ದು. ಇಂಥ ಚಿತ್ರ ಈವರೆಗೆ ಯಾರೂ ತೆಗೆದಿಲ್ಲ ಎಂಬ ಸೊಕ್ಕು ಬೇರೆ.

ಮೂವತ್ತಾರು ಚಿತ್ರದ ರೀಲು. ಕ್ಯಾಮೆರಾದ ಎಣಿಕೆ ಮೂವತ್ತೇಳು ತೋರಿಸಿತು. ಪರವಾಗಿಲ್ಲ, ಒಂದು ಹೆಚ್ಚು ಸಿಗುವುದುಂಟು. ಮೂವತ್ತೊಂಬತ್ತು. ನಲವತ್ತೊಂದು. ತೆರೆದು ನೋಡಿದೆ. ಫಿಲ್ಮಿನ ತುದಿ ಸಿಕ್ಕಿಕೊಳ್ಳದೆ ಜಾರಿತ್ತು. ಒಂದು ಚಿತ್ರವೂ ಬಿದ್ದಿರಲಿಲ್ಲ.

ಯೋಹಾನೆಸ್ ನನ್ನ ಮುಖ ನೋಡಿ, ಕ್ಯಾಮೆರಾ ನೋಡಿ, ತನ್ನ ಬಿಸ್ಕತ್ತಿನ ಪೊಟ್ಟಣ ನನ್ನ ಕಡೆ ಸರಿಸಿದ. ಪೂರ್ತಿ ಪೊಟ್ಟಣ ತಿಂದೆ.

ಉಳಿದ ದಿನಗಳಲ್ಲಿ ಬೇರೆ ಚಿತ್ರಗಳು ಸಿಕ್ಕವು. ಆದರೆ ಲಂಡನ್ನಿಗೆ ಬಂದು ಡೊರೀನ್ ಮುಂದೆ ನಿಂತಾಗ ಆ ಕಾದಾಟದ ಕಥೆಯನ್ನೂ ಹೇಳಿಬಿಟ್ಟೆ. ಕೆಲಸ ಹೋಯಿತು ಎಂದೇ ಅಂದುಕೊಂಡಿದ್ದೆ. ಅವರು ಒಂದು ಕಾಗದ ಕೊಟ್ಟು, "ಏನು ನಡೀತು, ಬರಿ," ಎಂದರು. ನಾಲ್ಕು ಪುಟ ಬರೆದೆ. ಓದಿ, "ನೀನು ನಿಜವಾಗಿಯೂ ನೋಡಿದ್ದೀಯ. ಫಿಲ್ಮ್ ಹಾಕೋದನ್ನ ಯಾರು ಬೇಕಾದರೂ ಕಲಿಸ್ತಾರೆ. ಇದನ್ನ ಕಲಿಸೋಕೆ ನನಗೆ ಬರಲ್ಲ," ಎಂದರು. ಮುಂದಿನ ವರ್ಷವೂ ನನ್ನನ್ನೇ ಕಳಿಸಿದರು. ಆಮೇಲೆ ಅದೇ ನನ್ನ ಕೆಲಸವಾಯಿತು.

ಟಾಂಗಾದ ಗುಟ್ಟು ಬಯಲಾದದ್ದು ಆಫೀಸಿನ ಕ್ರಿಸ್‌ಮಸ್ ಊಟದಲ್ಲಿ. ನಿಮ್ಮ ಮಾವನವರ ಲಾಯದಲ್ಲಿ ಎಷ್ಟು ಕುದುರೆ ಇದ್ದವು ಎಂದು ಡೊರೀನ್ ಕೇಳಿದರು. ಯಜಮಾನರು ಪ್ರಾಮಾಣಿಕವಾಗಿ, ಒಂದು, ಅದೂ ಸ್ವಲ್ಪ ಕುಂಟುತ್ತಿತ್ತು, ಎಂದರು. ನಾನು ಮೇಜಿನ ಕೆಳಗೆ ಕಾಲು ತುಳಿದೆ. ಅದು ಡೊರೀನ್ ಕಾಲು. ಪೂರ್ತಿ ಕಥೆ ಕೇಳಿದ ಮೇಲೆ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನನ್ನ ಚಿಕ್ಕಪ್ಪಂದಿರ ಹತ್ತಿರ ಇಪ್ಪತ್ತು ಕುದುರೆ ಇದ್ದವು. ಒಬ್ಬನಿಗೂ ಕಿವಿ ನೋಡೋಕೆ ಬರ್ತಿರಲಿಲ್ಲ," ಎಂದರು.

ಹೊಸಬರು ಮರಳಿಗೆ ಹೆದರಬೇಕು. ಸಿಂಹಕ್ಕೆ ಆಮೇಲೆ ಹೆದರಿದರಾಯಿತು. ಮರಳು ಎಲ್ಲಿ ಬೇಕಾದರೂ ನುಗ್ಗುತ್ತದೆ. ಗಾಳಿಯಲ್ಲಿ ರೀಲು ಬದಲಿಸುವುದು ಹೇಗೆ ಎಂದು ತಲೆ ಕೆಡಿಸಿಕೊಂಡಿದ್ದಾಗ ನನಗೆ ನನ್ನ ಕಪ್ಪು ಲಂಗ ನೆನಪಾಯಿತು. ಸೀರೆಯೊಳಗಿನದು. ಸೊಂಟದ ಕಡೆ ಹೊಲಿದು ಮುಚ್ಚಿದೆ. ಕೆಳಗಿನ ಅಂಚಿಗೆ ಲಾಡಿ ಹಾಕಿದೆ. ಕ್ಯಾಮೆರಾವನ್ನೂ ಎರಡು ಕೈಗಳನ್ನೂ ಒಳಗಿಟ್ಟು ಬಿಗಿದುಕೊಂಡರೆ ಮರಳಿನ ಒಂದು ಕಣವೂ ಬರುತ್ತಿರಲಿಲ್ಲ. ಮೊದಲ ಸಲ ಅದನ್ನು ಹೊರಗೆ ತೆಗೆದಾಗ ಯೋಹಾನೆಸ್ ಮರ್ಯಾದೆಯಿಂದ ಬೇರೆ ಕಡೆ ತಿರುಗಿ ನಿಂತ. ಒಬ್ಬ ಜರ್ಮನ್ ಫೋಟೋಗ್ರಾಫರ್ ಮಾತ್ರ ಹತ್ತಿರ ಬಂದು ಮುಟ್ಟಿ ನೋಡಿ, ಬಹಳ ಒಳ್ಳೆಯ ಚೀಲ, ಯಾವ ಕಂಪನಿಯದು, ಎಂದು ಕೇಳಿದ. "ವಿಜಾಪುರ," ಎಂದೆ. ಪುಸ್ತಕದಲ್ಲಿ ಬರೆದುಕೊಂಡ.

ಆಮೇಲೆ ಡಿಜಿಟಲ್ ಬಂತು. ಲಂಗಕ್ಕೆ ನಿವೃತ್ತಿಯಾಯಿತು. ಮೊದಲ ವರ್ಷ ನಾನು ಹುಚ್ಚಳ ಹಾಗೆ ಸಾವಿರಾರು ಚಿತ್ರ ತೆಗೆದೆ. ಒಂದೇ ಕುದುರೆ ಒಂದೇ ಸಲ ಆಕಳಿಸಿದ ಚಿತ್ರಗಳೇ ಇನ್ನೂರಿದ್ದವು. ಅವನ್ನೆಲ್ಲ ಆರಿಸಿ ತೆಗೆಯುವಷ್ಟರಲ್ಲಿ ನನಗೇ ಆಕಳಿಕೆ ಬಂತು. ಮೂವತ್ತಾರೇ ಇದ್ದಾಗ ಪ್ರತಿ ಸಲವೂ ಬೆರಳು ಯೋಚಿಸುತ್ತಿತ್ತು. ಈಗಿನವರು ಹಳೆಯ ಕ್ಯಾಮೆರಾಕ್ಕೆ ಮರಳಬೇಕು ಎಂದು ನಾನು ಹೇಳುವುದಿಲ್ಲ. ಜಾರಿದ ರೀಲನ್ನು ನಾನು ಮರೆತಿಲ್ಲ.

ಡೊರೀನ್ ನಿವೃತ್ತರಾದರು. ಅವರ ಕುರ್ಚಿಗೆ ಟೋಬಿ ಬಂದ. ಒಳ್ಳೆಯ ಹುಡುಗ, ಜೋರು ಬುದ್ಧಿ, ಆದರೆ ಪ್ರಾಣಿಗಳನ್ನು ಪರದೆಯ ಮೇಲೆ ಮಾತ್ರ ಕಂಡವನು. ನನ್ನ ಒಂದು ಚಿತ್ರ ನೋಡಿ, "ಕುದುರೆ ಇನ್ನೂ ಸ್ವಲ್ಪ ದುಃಖದಲ್ಲಿರೋ ಹಾಗೆ ಕಾಣಬಹುದಾ?" ಎಂದ.

"ಅದು ಈಗಷ್ಟೇ ಹೊಟ್ಟೆ ತುಂಬ ಹುಲ್ಲು ತಿಂದಿದೆ, ಟೋಬಿ. ದುಃಖ ಎಲ್ಲಿಂದ ತರಲಿ?"

ಅವನು ಚಿತ್ರಕ್ಕೆ ಒಂಟಿತನ ಎಂಬ ಹೆಸರು ಕೊಟ್ಟ. ಚೌಕಟ್ಟಿನ ಆಚೆ ಇನ್ನೂ ಹದಿನೇಳು ಕುದುರೆಗಳಿದ್ದವು.

ಇನ್ನು ಹೇಳಬೇಕಾದದ್ದು ನಾನೇ ಮಾಡಿದ ತಪ್ಪು. ರೀಲು ಜಾರಿದಂಥದ್ದಲ್ಲ.

ಮಳೆ ಬಾರದ ಮೂರನೆಯ ವರ್ಷ ಅದು. ಕುದುರೆಗಳ ಪಕ್ಕೆಲುಬು ದೂರದಿಂದಲೇ ಎಣಿಸಬಹುದಿತ್ತು. ಟೋಬಿಗೆ ಮೇಲಿನಿಂದ ತೆಗೆದ ಚಿತ್ರ ಬೇಕಿತ್ತು. ಡ್ರೋನ್ ಕೊಟ್ಟು ಕಳಿಸಿದ. ಅನುಮತಿ ಪತ್ರವೂ ಇತ್ತು. ಬೆಳಿಗ್ಗೆ ಏಳರ ಹೊತ್ತಿಗೆ ಒಂದು ಗುಂಪು ನೀರಿನ ಕಡೆ ಬರುತ್ತಿತ್ತು. ಉದ್ದ ನೆರಳು, ಬೂದು ನೆಲ, ಸಾಲು ಕುದುರೆಗಳು. ಕೊನೆಯಲ್ಲಿ ಹುಟ್ಟಿ ಕೆಲವು ವಾರವಾಗಿದ್ದ ಒಂದು ಹೆಣ್ಣು ಮರಿ, ಹಣೆಯ ಮೇಲೆ ಬಿಳಿ ಗೀಟು.

"ಕುಡಿದು ಹೋಗಲಿ. ಆಮೇಲೆ ಹಾರಿಸಿ," ಎಂದ ಯೋಹಾನೆಸ್.

"ಆಮೇಲೆ ನೆರಳು ಹೋಗುತ್ತೆ. ಎರಡೇ ನಿಮಿಷ," ಎಂದೆ.

ಹಾರಿಸಿದೆ. ಚಿತ್ರ ಅದ್ಭುತವಾಗಿ ಬಂತು. ಮರುನಿಮಿಷವೇ ಮುಂದೆ ನಡೆಯುತ್ತಿದ್ದ ಹೆಣ್ಣು ಕುದುರೆಯ ಕಿವಿ ಮೇಲಕ್ಕೆ ತಿರುಗಿತು. ಮೈ ಬಿಗಿಯಿತು. ಇಡೀ ಗುಂಪು ನೀರಿಗೆ ನೂರು ಮಾರು ಇರುವಾಗ ತಿರುಗಿ ಓಡಿತು. ದೂಳು ಇಳಿದಾಗ ಬಯಲಿನಲ್ಲಿ ಆ ಮರಿ ಒಂದೇ ನಿಂತಿತ್ತು. ಅರ್ಧ ದಿನ ನಡೆದು ಬಂದ ಬಾಯಾರಿದ ಪ್ರಾಣಿಗಳನ್ನು ನಾನು ನೀರಿನ ಮುಂದಿನಿಂದ ಓಡಿಸಿದ್ದೆ.

ಮರಿಯನ್ನು ಹಿಡಿದು ತಂದುಕೊಳ್ಳೋಣ ಎಂದೆ. ಯೋಹಾನೆಸ್ ತಲೆಯಾಡಿಸಿದ. "ಮನುಷ್ಯರು ಹತ್ತಿರ ಇದ್ದರೆ ತಾಯಿ ಬರೋದಿಲ್ಲ. ನಾವು ದೂರ ಹೋಗಬೇಕು." ಆ ಬರದಲ್ಲಿ ಕತ್ತೆಕಿರುಬಗಳಿಗೂ ಹಸಿವು. ಜೀಪನ್ನು ಗುಡ್ಡದ ಮೇಲಕ್ಕೆ ಒಯ್ದು, ಬೆಳಕಿರುವ ತನಕ ದುರ್ಬೀನು ಹಿಡಿದು ಕೂತೆವು. ತಾಯಿ ಬರಲಿಲ್ಲ. ಆ ರಾತ್ರಿ ನಾನು ಊಟ ಮಾಡಲಿಲ್ಲ ಎಂದಷ್ಟೇ ಹೇಳುತ್ತೇನೆ.

ಮರುದಿನ ಬೆಳಿಗ್ಗೆ ಹೋದಾಗ ಮರಿ ತೊಟ್ಟಿಯ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಜೀವವಿತ್ತು, ಕಾಲು ನಡುಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಒಂದೇ ಒಂದು ಕುದುರೆ ಬಯಲಿನಲ್ಲಿ ಕಾಣಿಸಿತು. ನಿಲ್ಲುತ್ತಾ, ಕಿವಿ ತಿರುಗಿಸುತ್ತಾ, ಆಕಾಶ ನೋಡುತ್ತಾ ಬಂತು. ಕುದುರೆ ಆಕಾಶಕ್ಕೆ ಹೆದರಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮರಿ ಕೂಗಿತು. ತಾಯಿ ಓಡಿ ಬಂದು ಮೂಸಿದ್ದೇ ತಡ, ಮರಿ ಹೊಟ್ಟೆಯ ಕೆಳಗೆ ನುಗ್ಗಿತು. ಒಂದು ಚಿತ್ರ ತೆಗೆದೆ. ಅದು ಮಸುಕಾಗಿದೆ.

ಲಂಡನ್ನಿಗೆ ಬಂದಾಗ ಟೋಬಿ ಡ್ರೋನಿನ ಚಿತ್ರ ನೋಡಿ ಕುರ್ಚಿಯಿಂದ ಎದ್ದೇಬಿಟ್ಟ. ಒಂದು ದೊಡ್ಡ ಪತ್ರಿಕೆ ಮುಖಪುಟಕ್ಕೆ ಕೇಳಿತ್ತು. ನಡೆದದ್ದನ್ನೆಲ್ಲ ಹೇಳಿ, ಈ ಚಿತ್ರ ಬೇಡ, ತೆಗೆದುಬಿಡು, ಎಂದೆ.

"ಮರಿ ಬದುಕಿದೆ ತಾನೇ? ಮತ್ತೇನು ಸಮಸ್ಯೆ?"

"ಹಾಗಾದರೆ ಚಿತ್ರದ ಕೆಳಗೆ ಬರಿ. ಈ ಚಿತ್ರ ತೆಗೆದದ್ದರಿಂದ ಈ ಕುದುರೆಗಳಿಗೆ ಅಂದು ನೀರು ಸಿಗಲಿಲ್ಲ ಅಂತ. ಬರೆದರೆ ಕೊಡ್ತೀನಿ."

ಟೋಬಿಯ ಮುಖ ಕೆಂಪಾಯಿತು. ಅಂಥ ಮಾತು ಬರೆದರೆ ಯಾರು ಕೊಳ್ಳುತ್ತಾರೆ ಎಂದ. ಕಂಪನಿಯ ಹೆಸರು ಕೆಡುತ್ತದೆ ಎಂದ. ಮುಂದಿನ ವರ್ಷ ನಮೀಬಿಯಾಕ್ಕೆ ಬೇರೆಯವರನ್ನು ಕಳಿಸಬೇಕಾದೀತು ಎಂದೂ ಅಂದ. "ಕಳಿಸು. ಡ್ರೋನ್ ಮಾತ್ರ ಕಳಿಸಬೇಡ," ಎಂದೆ. ಹೊರಗೆ ಬಂದು ಟ್ಯೂಬ್ ರೈಲಿನಲ್ಲಿ ಕೂತ ಮೇಲೆ ಅಳು ಬಂತು. ಮನೆಯಲ್ಲಿ ಯಜಮಾನರು ಎಲ್ಲ ಕೇಳಿ, "ತಪ್ಪು ಮಾಡಿದಿ, ತಪ್ಪಾತು ಅಂದಿ. ಇದರಾಗ ಅಳೂದೇನ್ ಐತಿ? ಮುಖಾ ತೊಳಕೊಂಡು ಬಾ, ಚಾ ಮಾಡ್ತೀನಿ," ಎಂದರು.

ಆ ಚಿತ್ರ ಹೊರಗೆ ಬರಲಿಲ್ಲ. ಟೋಬಿ ಹೇಳಿದ್ದನ್ನು ಮಾಡಿದ. ಎರಡು ವರ್ಷ ನನ್ನನ್ನು ಕಳಿಸಲಿಲ್ಲ. ನಾನು ಲಂಡನ್ನಿನ ಪಾರ್ಕುಗಳಲ್ಲಿ ಬಾತುಕೋಳಿಗಳ ಚಿತ್ರ ಹಿಡಿಯುತ್ತಿದ್ದೆ. ಬಾತುಕೋಳಿಗಳದ್ದೇನೂ ತಪ್ಪಿಲ್ಲ. ಹೊಸಬರನ್ನು ಕಳಿಸಿದಾಗ ಮಾತ್ರ ಡ್ರೋನ್ ಬೀರುವಿನಲ್ಲೇ ಉಳಿಯಿತು. ನನ್ನ ನಿವೃತ್ತಿಗೆ ಒಂದು ವರ್ಷ ಇದ್ದಾಗ ಅವನೇ ಬಂದು, "ಕಸ್ತೂರಿ, ಕೊನೆಯ ಸಲ ಹೋಗಿ ಬರ್ತೀರಾ?" ಎಂದ. ಪ್ರಾಣಿಗಳ ಬಗ್ಗೆ ಅವನೂ ಸ್ವಲ್ಪ ಕಲಿತಿದ್ದ.

ಆ ವರ್ಷ ಮಳೆಯಾಗಿತ್ತು. ಬಯಲಿನಲ್ಲಿ ಅಲ್ಲಲ್ಲಿ ಹುಲ್ಲಿನ ಬಣ್ಣವಿತ್ತು. ಯೋಹಾನೆಸ್‌ನ ತಲೆ ಪೂರ್ತಿ ನರೆತಿತ್ತು. ಗುಡಿಸಲಿನಲ್ಲಿ ಕೂತ ಎರಡನೆಯ ದಿನ ಅವನು ದುರ್ಬೀನು ಇಳಿಸಿ, "ನೋಡಿ, ಲಂಡನ್ ಬರ್ತಿದೆ," ಎಂದ.

"ಏನು?"

"ಆ ಬಿಳಿ ಗೀಟಿನ ಕುದುರೆ. ಎಲ್ಲ ಕುದುರೆಗೂ ಒಂದು ಹೆಸರು ಬೇಕಲ್ಲ. ಇದರ ತಾಯಿಯನ್ನ ಓಡಿಸಿದವರು ಎಲ್ಲಿಂದ ಬಂದಿದ್ದರೋ ಆ ಹೆಸರೇ ಇಟ್ಟೆ." ಅಷ್ಟು ವರ್ಷಗಳಲ್ಲಿ ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಮರಿ ಈಗ ಮರಿಯಾಗಿರಲಿಲ್ಲ. ತುಂಬಿದ ಮೈ, ದಪ್ಪ ಕುತ್ತಿಗೆ, ನಡಿಗೆಯಲ್ಲಿ ಯಾರಿಗೂ ಕ್ಯಾರೇ ಅನ್ನದ ಗತ್ತು. ಎರಡು ಗಂಡು ಕುದುರೆಗಳನ್ನು ಪಕ್ಕಕ್ಕೆ ನೂಕಿ ತೊಟ್ಟಿಗೆ ಬಾಯಿ ಹಾಕಿದಳು. ಬೆಳಕು ಚೆನ್ನಾಗಿತ್ತು. ನೆರಳೂ ಚೆನ್ನಾಗಿತ್ತು.

"ತೆಗೀಲ್ವಾ?" ಎಂದ ಯೋಹಾನೆಸ್.

"ಕುಡೀಲಿ," ಎಂದೆ.

ಬಹಳ ಹೊತ್ತು ಕುಡಿದಳು. ಗುಟುಕು ಗುಟುಕಾಗಿ ನೀರು ಗಂಟಲಲ್ಲಿ ಇಳಿಯುವುದು ಕಾಣುತ್ತಿತ್ತು. ನೆರಳು ಮೊಟಕಾಯಿತು. ಬೆಳಕು ಚಪ್ಪಟೆಯಾಯಿತು. ನಾನು ಕ್ಯಾಮೆರಾ ಮುಟ್ಟಲಿಲ್ಲ. ಕೊನೆಗೆ ತಲೆಯೆತ್ತಿ, ಗಲ್ಲದಿಂದ ನೀರು ಸುರಿಸುತ್ತಾ ನಮ್ಮ ಗುಡಿಸಲಿನ ಕಡೆ ಒಮ್ಮೆ ನೋಡಿದಳು. ಈಗ ಎಂದು ಕ್ಯಾಮೆರಾ ಎತ್ತಿದೆ. ಅವಳು ನಿಧಾನವಾಗಿ ತಿರುಗಿ, ನಮ್ಮ ಕಡೆ ಬೆನ್ನು ಹಾಕಿ, ಬಾಲವೆತ್ತಿ, ಧಾರಾಳವಾಗಿ ಲದ್ದಿ ಹಾಕಿದಳು. ನನ್ನ ಬೆರಳು ಒತ್ತಿದ್ದೂ ಅದೇ ಕ್ಷಣಕ್ಕೆ.

ಯೋಹಾನೆಸ್ ಹಲಗೆಗೆ ಹಣೆ ಹಚ್ಚಿ ಸದ್ದಿಲ್ಲದೆ ನಕ್ಕ. ಭುಜ ಕುಲುಕುತ್ತಿತ್ತು. ನಾನು ಬಾಯಿಗೆ ದುಪ್ಪಟ್ಟಾ ಒತ್ತಿಕೊಂಡೆ. ಕುದುರೆಗಳು ಬೆದರಬಾರದಲ್ಲ.

ಏಜೆನ್ಸಿಗೆ ನಾನು ಒಪ್ಪಿಸಿದ ಕೊನೆಯ ಚಿತ್ರ ಅದೇ. ಯಾರೂ ಕೊಂಡಿಲ್ಲ, ಕೊಳ್ಳುವುದೂ ಇಲ್ಲ. ಅದರ ಕೆಳಗಿನ ಸಾಲು ನಾನೇ ಬರೆದದ್ದು, ಟೋಬಿ ಒಂದಕ್ಷರ ಬದಲಿಸದೆ ಬಿಟ್ಟದ್ದು: ಲಂಡನ್, ನೀರು ಕುಡಿದ ಮೇಲೆ.